ಬಾಂಡ್ಲಿ ಇಳಿದ ಮೇಲೆ



ನಮ್ಮಲ್ಲಿ ಬಹಳ ಮಂದಿ ಗಾರೆ ಕೆಲಸಕ್ಕೆ ಹೋಗುವವರು. ಮೋಲ್ಡು ಹಾಕುವ ದಿನ ಹೇಗಿರುತ್ತೆ ಅಂತ ನಮಗೆ ಗೊತ್ತು. ಹಲಗೆ ಹಾಸಿ, ಕೆಳಗೆ ಕಂಬ ಕೊಟ್ಟು, ಕಂಬಿ ಕಟ್ಟಿರುತ್ತಾರೆ. ಬೆಳಗಿನಿಂದ ಕತ್ತಲಾಗುವ ತನಕ ನಾವು ಬಾಂಡ್ಲಿ ಹೊರಬೇಕು. ತಲೆಯ ಮೇಲೆ ಸಿಂಬೆ. ಅದರ ಮೇಲೆ ಕಾಂಕ್ರೀಟು. ರಾತ್ರಿ ಕತ್ತು ತಿರುಗೋದಿಲ್ಲ.

ಈಗ ಪಟ್ಟಣಗಳಲ್ಲಿ ದೊಡ್ಡ ಅಂಗಡಿ, ಆಫೀಸು ಕಟ್ಟುವ ರೀತಿ ಬದಲಾಗುತ್ತಿದೆ. ಎಷ್ಟೋ ಕಡೆ ಕಂಬ, ತೊಲೆ ಎಲ್ಲಾ ಉಕ್ಕಿನವು. ಕಾರ್ಖಾನೆಯಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು ತರುತ್ತಾರೆ. ಕ್ರೇನು ಎತ್ತುತ್ತದೆ. ಬೋಲ್ಟು ಹಾಕಿ ಬಿಗಿಯುತ್ತಾರೆ. ತೊಲೆಗಳ ಮೇಲೆ ಮಡಿಕೆ ಮಡಿಕೆಯಾದ ಉಕ್ಕಿನ ತಗಡು ಹಾಸುತ್ತಾರೆ. ಅದರ ಮೇಲೆ ಕಂಬಿಯ ಜಾಲರಿ. ಆಮೇಲೆ ಪಂಪಿನಿಂದ ಕಾಂಕ್ರೀಟು. ತಗಡು ಅಲ್ಲೇ ಉಳಿಯುತ್ತದೆ. ಹಲಗೆ ಬಿಚ್ಚುವ ಕೆಲಸವೇ ಇಲ್ಲ.

ಚೀನಾ ದೇಶದ ಚಾಂಗ್ಶಾ ಎಂಬ ಊರಿನಲ್ಲಿ ಇನ್ನೂ ಮುಂದೆ ಹೋದರು. ಮಹಡಿಯ ನೆಲವನ್ನೇ ತುಂಡು ತುಂಡಾಗಿ ಕಾರ್ಖಾನೆಯಲ್ಲಿ ಮಾಡಿದರು. ಲಾರಿಯಲ್ಲಿ ತಂದು ಜೋಡಿಸಿದರು. 57 ಅಂತಸ್ತಿನ ಆ ಕಟ್ಟಡ 2015ರಲ್ಲಿ ಮುಗಿಯಿತು. ಜೋಡಿಸುವ ಕೆಲಸ ನಡೆದದ್ದು ಒಟ್ಟು 19 ದಿನ! ತುಂಡುಗಳನ್ನು ಮಾಡಲು ಮಾತ್ರ ಮೊದಲೇ ತಿಂಗಳುಗಳು ಹಿಡಿದಿದ್ದವು.

ಕೇಳಲು ಚೆನ್ನಾಗಿದೆ, ಅಲ್ಲವೇ? ತಲೆಯಿಂದ ಬಾಂಡ್ಲಿ ಇಳಿಯಿತು. ಆದರೆ ಅದರ ಜೊತೆ ಕೂಲಿಯೂ ಹೋದರೆ? ಒಲೆ ಉರಿಯುವುದು ಹೇಗೆ? ನಮ್ಮ ಚಿಂತೆ ಇದೇ.

ಒಂದು ಮಾತು ಗಮನಿಸಿ. ಆ ಉಕ್ಕಿನ ತುಂಡುಗಳ ಮೇಲೆ ಗುರುತು ಬರೆದಿರುತ್ತೆ. ಅಕ್ಷರ ಮತ್ತು ಅಂಕಿ. ನಕ್ಷೆಯಲ್ಲೂ ಅದೇ ಗುರುತು. ಎರಡನ್ನೂ ಓದಿ ಹೊಂದಿಸಬೇಕು. ಇಲ್ಲಿ ತೋಳಿನ ಬಲ ಒಂದೇ ಸಾಲದು. ಓದು ಬೇಕು. ಹೆಚ್ಚಾಗಿ ಅವು ಇಂಗ್ಲಿಷ್ ಅಕ್ಷರಗಳು. ಇಷ್ಟು ಕನ್ನಡ ಅಕ್ಷರ ಕಲಿತ ನಮಗೆ ಆ 26 ಅಕ್ಷರ ಕಷ್ಟವೇ? ಬೋಲ್ಟು ಬಿಗಿಯುವುದನ್ನೂ ಕಲಿಯೋಣ. ಮೇಸ್ತ್ರಿಯನ್ನು ಕೇಳೋಣ. ಕೇಳದಿದ್ದರೆ ಯಾರೂ ಕಲಿಸೋದಿಲ್ಲ.

ಅಪಾಯವೂ ಉಂಟು. ತಗಡನ್ನು ತೊಲೆಗೆ ಬಿಗಿಯುವ ಮೊದಲು ಅದರ ಮೇಲೆ ಕಾಲಿಡಬೇಡಿ. ತಗಡು ಜಾರಿದರೆ ನಾವೂ ಕೆಳಗೆ. ಹೆಲ್ಮೆಟ್ಟು, ಸುರಕ್ಷತಾ ಬೆಲ್ಟು ಕೇಳಿ ಪಡೆಯಿರಿ.

ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು. ವಯಸ್ಸು 18ರಿಂದ 60ರ ಒಳಗಿರಬೇಕು. ಅರ್ಜಿ ನಾವೇ ಓದೋಣ. ಹೆಬ್ಬೆಟ್ಟು ಬೇಡ, ಸಹಿ ಹಾಕೋಣ.

ಇಷ್ಟು ವರ್ಷ ತಲೆಯ ಮೇಲೆ ಹೊತ್ತೆವು. ಇನ್ನು ತಲೆಯೊಳಗೆ ತುಂಬಿಕೊಳ್ಳೋಣ. ಏನಂತೀರಿ?