ಗಾಡಿಯ ಮುಂದಿನ ಗಾಜು: ರಿಪೇರಿಯೋ, ಹೊಸದೋ?

ಹಾಲು ಉತ್ಪಾದಕ ಬಂಧುಗಳೇ,

ದನದ ಡಾಕ್ಟರು ಗಾಜಿನ ಮಾತು ಆಡುವುದೇಕೆ ಎನ್ನಬೇಡಿ. ದಾವಣಗೆರೆ-ಹರಿಹರ ರಸ್ತೆಯಲ್ಲಿ ಜಲ್ಲಿ ಲಾರಿಯ ಹಿಂದೆ ಹೋಗುವ ನಿಮ್ಮ ಕಾರು, ಹಾಲಿನ ವ್ಯಾನುಗಳಿಗೆ ಕಲ್ಲು ಸಿಡಿಯುವುದು ಹೊಸದಲ್ಲ.

ಮುಂದಿನ ಗಾಜೆಂದರೆ ಎರಡು ಗಾಜು, ನಡುವೆ ಪ್ಲಾಸ್ಟಿಕ್ ಪದರ. ಹೊರಗಿನದಕ್ಕೆ ಮಾತ್ರ, ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಪೆಟ್ಟಾಗಿದ್ದರೆ ರೆಸಿನ್ ತುಂಬಿಸಿ ಉಳಿಸಬಹುದು. ಕೂಡಲೇ ಟೇಪು ಅಂಟಿಸಿ; ನೀರು, ಧೂಳು ಹೊಕ್ಕರೆ ರೆಸಿನ್ ಹಿಡಿಯದು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಬಿರುಕು ಓಡುತ್ತದೆ. ಇದೂ ಕೆಚ್ಚಲು ಬಾವಿನಂತೆ: ಮೊದಲ ದಿನವೇ ನೋಡಿದರೆ ಖರ್ಚು ಕಡಿಮೆ, ತಡಮಾಡಿದರೆ ಮೊಲೆಯೇ ಹೋಗುತ್ತದೆ.

ಬಿರುಕು ಚಾಲಕನ ಕಣ್ಣೆದುರಿಗಿದ್ದರೆ, ಅಂಚು ಮುಟ್ಟಿದ್ದರೆ, ಒಳಗಾಜಿಗೂ ಇಳಿದಿದ್ದರೆ ಬದಲಿಸಿಬಿಡಿ. ರಿಪೇರಿಯಾದರೂ ಕಲೆ ಉಳಿಯುತ್ತದೆ. ರಾತ್ರಿ ಎದುರಿನ ಗಾಡಿಯ ಬೆಳಕು ಅಲ್ಲಿ ಚದುರಿದರೆ ರಸ್ತೆ ದಾಟುವ ದನವೂ ಕಾಣದು, ಮನುಷ್ಯನೂ ಕಾಣನು.

ಥರ್ಡ್ ಪಾರ್ಟಿ ವಿಮೆಯಲ್ಲಿ ಗಾಜಿನ ಹಣ ಬಾರದು. ಸಮಗ್ರ ವಿಮೆಯಿದ್ದರೂ ಕ್ಲೇಮು ಮಾಡಿದರೆ ಬೋನಸ್ ಹೋಗಬಹುದು. ಎರಡನ್ನೂ ತೂಗಿ ನೋಡಿ. ಹೊಸ ಗಾಜಿನ ಅಂಟು ಗಟ್ಟಿಯಾಗುವವರೆಗೆ ಗಾಡಿ ಹೊರಡಿಸಬೇಡಿ.

ಒಂದು ದಿನ ಹಾಲು ಬೇರೆ ಗಾಡಿಯಲ್ಲಿ ಹೋಗಲಿ. ಚಾಲಕ ಸುಖವಾಗಿ ಮನೆ ಸೇರಲಿ.