ಪ್ಲೇಟು ಕಂಡ ಬಣ್ಣ, ಎದೆ ಹೊತ್ತ ಬಣ್ಣ: ಹಳೆಯ ಫೋಟೋಗಳಲ್ಲಿ ಸೇನಾ ಪದಕಗಳ ಗುರುತು

(ಸೋಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರ ತರಗತಿಯಲ್ಲಿ ಕೂತು ಪಾಠ ಕೇಳುವ ಭಾಗ್ಯ ನನಗೆ ಸಿಗಲಿಲ್ಲ. ಆದರೆ ಅವರ ಶಿಷ್ಯರು ಹೇಳಿದ ಒಂದು ಮಾತು ನನ್ನನ್ನು ಇಲ್ಲಿಗೆ ಕರೆತಂದಿದೆ. ಚರಿತ್ರೆಯ ಪಾಠ ಶುರುವಾಗುವ ದಿನ ಮೇಷ್ಟ್ರು ಮಕ್ಕಳಿಗೆ, ಮನೆಯಲ್ಲಿರುವ ಹಳೆಯದೊಂದನ್ನು ತನ್ನಿ ಎನ್ನುತ್ತಿದ್ದರಂತೆ. ಒಬ್ಬ ಕಂದಾಯದ ರಸೀದಿ ತರುತ್ತಿದ್ದ, ಇನ್ನೊಬ್ಬ ಓಡದ ನಾಣ್ಯ, ಮತ್ತೊಬ್ಬ ಕಟ್ಟು ಹಾಕಿಸಿದ ಫೋಟೋ. ಪುಸ್ತಕ ತೆರೆಯುವುದು ಆಮೇಲೆ. ನನ್ನ ಇಂದಿನ ಮಾತೂ ಅಂಥ ಒಂದು ಫೋಟೋದ ಬಗ್ಗೆಯೇ.

೧. ಎಲ್ಲರಿಗೂ ಗೊತ್ತಿರುವುದು

ಮೊದಲ ಮಹಾಯುದ್ಧದ ಕತೆಯನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದಕ್ಕೆ ಪುಸ್ತಕಗಳಿವೆ. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯನ್ನು ಈಜಿಪ್ಟಿಗೆ ಕಳಿಸಿದರು. ನಮ್ಮ ಸವಾರರು ಸುಯೆಜ್ ಕಾಲುವೆಯನ್ನು ಕಾದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣವನ್ನು ಹಿಡಿದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಪಡೆಗಳ ನೆನಪಿಗಾಗಿ. ಬೆಂಗಳೂರಿನಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಆ ಪಡೆಯ ಸವಾರನಿಗೆ ಸಾಮಾನ್ಯವಾಗಿ ಸಿಕ್ಕ ಪದಕಗಳು ಮೂರು. ಒಂದು, 1915 ಮುಗಿಯುವುದರೊಳಗೆ ರಣರಂಗಕ್ಕೆ ಹೋದವರಿಗೆ ಕೊಟ್ಟ 1914–15 ಸ್ಟಾರ್, ಕಂಚಿನದು. ಎರಡು, ಬ್ರಿಟಿಷ್ ವಾರ್ ಮೆಡಲ್, ಬೆಳ್ಳಿಯದು. ಮೂರು, ವಿಕ್ಟರಿ ಮೆಡಲ್. ಪದಕ ತೊಡುವುದು ಎಡ ಎದೆಯ ಮೇಲೆ. ನೋಡುವವನ ಎಡದಿಂದ ಬಲಕ್ಕೆ ಮೊದಲು ಶೌರ್ಯದ ಪದಕ, ಆಮೇಲೆ ಸ್ಟಾರ್, ವಾರ್, ವಿಕ್ಟರಿ. ದಿನನಿತ್ಯದ ಸಮವಸ್ತ್ರದಲ್ಲಿ ಬಿಲ್ಲೆಗಳನ್ನು ತೆಗೆದು ಬರೀ ರಿಬ್ಬನ್ ಪಟ್ಟಿ ಹೊಲಿಸಿಕೊಳ್ಳುತ್ತಿದ್ದರು. ತೊಡಕು ಹುಟ್ಟುವುದು ಅಲ್ಲಿಯೇ. ಬಿಲ್ಲೆ ಇದ್ದರೆ ಆಕಾರ ನೋಡಿ ಹೇಳಬಹುದು. ಪಟ್ಟಿ ಮಾತ್ರ ಇದ್ದರೆ ಬಣ್ಣವೊಂದೇ ಗುರುತು. ಆ ಬಣ್ಣವನ್ನೇ ಫೋಟೋ ನುಂಗಿಹಾಕಿದೆ.

೨. ಕುಂಕುಮ ಏಕೆ ಕಪ್ಪಗಿದೆ?

ನಿಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯ ಅಜ್ಜಿಯ ಫೋಟೋ ಇದ್ದರೆ ಇವತ್ತು ಹೋಗಿ ನೋಡಿ. ಹಣೆಯ ಮೇಲೆ ಕಾಸಗಲದ ಕುಂಕುಮ. ಅದು ಇದ್ದಿಲಿನಷ್ಟು ಕಪ್ಪಗೆ ಕಾಣುತ್ತದೆ. ಕರಿಬೊಟ್ಟು ಇಟ್ಟುಕೊಂಡು ಯಾವ ಮುತ್ತೈದೆಯೂ ಸ್ಟುಡಿಯೊಗೆ ಹೋಗಿರಲಾರಳು. ಕೆಂಪಂಚಿನ ಸೀರೆಯ ಅಂಚೂ ಹಾಗೆಯೇ ಕಪ್ಪು. ನೀಲಿ ಆಕಾಶ ಮಾತ್ರ ಸುಣ್ಣ ಬಳಿದ ಗೋಡೆಯಂತೆ ಬಿಳುಪು.

ಕಾರಣ ಪ್ಲೇಟಿನಲ್ಲಿದೆ. ಗಾಜಿನ ಪ್ಲೇಟಿಗೆ ಸವರಿದ ಬೆಳ್ಳಿಯ ಲವಣ ಸ್ವಭಾವತಃ ನೀಲಿ ಬೆಳಕನ್ನಷ್ಟೇ ಗ್ರಹಿಸುತ್ತದೆ. 1873ರಲ್ಲಿ ಬರ್ಲಿನ್ನಿನ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್, ಆ ಲವಣಕ್ಕೆ ಬಣ್ಣದ್ರವ್ಯ ಬೆರೆಸಿದರೆ ಹಸಿರನ್ನೂ ಅದು ಗ್ರಹಿಸುತ್ತದೆಂದು ಕಂಡುಕೊಂಡ. ಅಲ್ಲಿಂದ ಬಂದದ್ದು ಆರ್ಥೋಕ್ರೊಮ್ಯಾಟಿಕ್ ಪ್ಲೇಟು. ಅದಕ್ಕೆ ನೀಲಿ ಚೆನ್ನಾಗಿ ಕಾಣುತ್ತದೆ, ಹಸಿರು ತಕ್ಕಮಟ್ಟಿಗೆ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ. ಹಳೆಯ ಸ್ಟುಡಿಯೊದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿದ್ದುದು ಇದೇ ಕಾರಣಕ್ಕೆ. ಕೆಂಪು ಬೆಳಕಿನಲ್ಲಿ ಹಿಡಿದರೂ ಪ್ಲೇಟು ಕೆಡುತ್ತಿರಲಿಲ್ಲ, ಏಕೆಂದರೆ ಅದರ ಮಟ್ಟಿಗೆ ಕೆಂಪೆಂದರೆ ಕತ್ತಲೆ. ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರ ಸುಮಾರಿಗೆ ಮಾರುಕಟ್ಟೆಗೆ ಬಂತು; ಸ್ಟುಡಿಯೊಗಳು ಮಾತ್ರ ಬಹುಕಾಲ ಹಳೆಯದನ್ನು ಬಿಡಲಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದು ನಾನು ರಾಮನಗರದಿಂದ ಎರಡು ತುಂಡು ರೇಷ್ಮೆ ತಂದೆ. ಒಂದು ಕುಂಕುಮಗೆಂಪು, ಇನ್ನೊಂದು ಕಡುನೀಲಿ. ಪಕ್ಕಪಕ್ಕ ಇಟ್ಟು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅದರ ನೀಲಿ ಪದರವೊಂದನ್ನೇ ಉಳಿಸಿದೆ. ಕಣ್ಣಿಗೆ ಗಾಢವಾಗಿದ್ದ ನೀಲಿ ಬೂದಿಯಾಯಿತು, ಕಣ್ಣಿಗೆ ಹೊಡೆಯುತ್ತಿದ್ದ ಕೆಂಪು ಕಪ್ಪಾಯಿತು. ಆ ಹೊತ್ತು ನನ್ನ ಮೇಜಿನ ಮೇಲೆ ಒಂದು ಫೋಟೋ ಇತ್ತು. ನನ್ನ ವಾದವೆಲ್ಲ ಅದರ ಸುತ್ತ.

೩. ಎರಡು ಪಟ್ಟಿ, ಒಂದು ವಿವಾದ

ರಟ್ಟಿಗೆ ಅಂಟಿಸಿದ, ಅಂಗೈಯಗಲದ ಫೋಟೋ ಅದು. ಮೂಲೆಗೆ ಗೆದ್ದಲು ಹತ್ತಿದೆ. ಕುದುರೆ ಪಡೆಯ ಸಮವಸ್ತ್ರದ ಮಧ್ಯವಯಸ್ಕ, ಪೇಟ, ಗಿರಿಜಾ ಮೀಸೆ, ಕೈ ಕತ್ತಿಯ ಹಿಡಿಯ ಮೇಲೆ. ಎಡ ಎದೆಯಲ್ಲಿ ನಾಲ್ಕು ರಿಬ್ಬನ್ ಪಟ್ಟಿ. ಮನೆಯವರ ಇಚ್ಛೆಯಂತೆ ಹೆಸರು ಹೇಳುವುದಿಲ್ಲ. ಮೊದಲ ಪಟ್ಟಿಯ ಎರಡೂ ಅಂಚು ಕಪ್ಪು, ನಡು ಬೂದು. ಫೋಟೋದ ಹಿಂದೆ ಯಾರೋ ಪೆನ್ಸಿಲಿನಲ್ಲಿ, ಇದು ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಎಂದು ಬರೆದಿದ್ದಾರೆ.

ಈ ಪದಕ ಶುರುವಾದದ್ದು 1907ರಲ್ಲಿ. ಅದರ ರಿಬ್ಬನ್ ಕಡುನೀಲಿ, ನಡುವೆ ಕಡುಗೆಂಪು. ಇದಕ್ಕಿಂತ ಮೇಲಿನದು ಇಂಡಿಯನ್ ಆರ್ಡರ್ ಆಫ್ ಮೆರಿಟ್. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಶುರುಮಾಡಿದ ಇದು, ವಿಕ್ಟೋರಿಯಾ ಕ್ರಾಸ್ 1911ರಲ್ಲಿ ಭಾರತೀಯ ಸಿಪಾಯಿಗೆ ತೆರೆದುಕೊಳ್ಳುವವರೆಗೂ ಆತ ಪಡೆಯಬಹುದಾಗಿದ್ದ ಅತ್ಯುನ್ನತ ಶೌರ್ಯ ಗೌರವ. ಇದರ ರಿಬ್ಬನ್ನೂ ಕಡುನೀಲಿ, ಆದರೆ ಕಡುಗೆಂಪು ಇರುವುದು ಅಂಚುಗಳಲ್ಲಿ. ಅವೇ ಎರಡು ಬಣ್ಣ, ಒಂದು ಇನ್ನೊಂದರ ತಿರುವುಮುರುವು.

ಪೆನ್ಸಿಲ್ ಹಿಡಿದವರು ಹೇಗೆ ಯೋಚಿಸಿರಬೇಕು? ನೀಲಿ ಕಡುಬಣ್ಣ, ಹಾಗಾಗಿ ಕಪ್ಪಗೆ ಕಾಣುವುದು ನೀಲಿ; ಉಳಿದ ಬೂದು ಕೆಂಪು. ಅಂಚು ನೀಲಿ, ನಡು ಕೆಂಪು, ಅಂದರೆ ಸರ್ವಿಸ್ ಮೆಡಲ್. ಇಂದಿನ ಕಣ್ಣಿಗೆ ತರ್ಕ ಸರಿಯಾಗಿಯೇ ಇದೆ. ಆದರೆ ಅಂದಿನ ಪ್ಲೇಟಿಗೆ ಕಪ್ಪಾಗಿ ಕಂಡದ್ದು ಕೆಂಪು. ಅಂಚು ಕೆಂಪು, ನಡು ನೀಲಿ ಎಂದಮೇಲೆ ಅದು ಆರ್ಡರ್ ಆಫ್ ಮೆರಿಟ್. ಒಂದು ಪೆನ್ಸಿಲ್ ಗೆರೆ ಒಬ್ಬ ಸವಾರನ ಶೌರ್ಯವನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ಇದೇ ತಪ್ಪು ತಿರುಗಿ ನಡೆದರೆ, ಸರ್ವಿಸ್ ಮೆಡಲ್ ಪಡೆದವನಿಗೆ ಅವನು ಪಡೆಯದ ಗೌರವ ಬಂದು ಸೇರುತ್ತದೆ.

ಆ ಪ್ಲೇಟು ಆರ್ಥೋಕ್ರೊಮ್ಯಾಟಿಕ್ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಕಂಡುಕೊಂಡದ್ದು ಇಷ್ಟೇ: ಸಾಕ್ಷಿ ಫೋಟೋದಲ್ಲಿಯೇ ಇದೆ, ಪಕ್ಕದ ಪಟ್ಟಿಯಲ್ಲಿ. 1914–15 ಸ್ಟಾರಿನ ರಿಬ್ಬನ್ ಕೆಂಪಿನಿಂದ ಬಿಳಿಗೆ, ಬಿಳಿಯಿಂದ ನೀಲಿಗೆ ತಿರುಗುವ, ನೀರಲೆಯಂಥ ಹೊಳಪಿನ ರೇಷ್ಮೆ. ತೊಡುವ ನಿಯಮ ಖಚಿತ: ಕೆಂಪು ಬದಿ ಎಡ ಭುಜದಿಂದ ದೂರಕ್ಕೆ, ಅಂದರೆ ನೋಡುವವನ ಎಡಕ್ಕೆ ಬರಬೇಕು. ಭೂತಗನ್ನಡಿ ಇಟ್ಟು ಎರಡನೆಯ ಪಟ್ಟಿಯನ್ನು ನೋಡಿದೆ. ಎಡ ಬದಿ ಕಪ್ಪು, ನಡು ಬಿಳಿ. ಬಲ ಬದಿಯ ನೀಲಿ ಬಿಳಿಯೊಳಗೆ ಕರಗಿಹೋಗಿದೆ. ಈ ಪ್ಲೇಟು ಕೆಂಪನ್ನು ಕಪ್ಪಾಗಿಸಿದೆ, ನೀಲಿಯನ್ನು ತೆಳುವಾಗಿಸಿದೆ ಎಂದು ಆ ಒಂದು ಪಟ್ಟಿಯೇ ಸಾರುತ್ತಿದೆ. ಪಕ್ಕದ ಪಟ್ಟಿಗೆ ಬೇರೆ ನ್ಯಾಯ ಇರಲಾರದು. ಉಳಿದೆರಡೂ ಇದೇ ಮಾತಾಡುತ್ತವೆ. ವಾರ್ ಮೆಡಲಿನ ಕಿತ್ತಳೆ ನಡು ಕಪ್ಪಾಗಿದೆ, ಅಂಚಿನ ನೀಲಿ ಬಿಳಿಚಿಕೊಂಡಿದೆ. ಕಾಮನಬಿಲ್ಲಿನ ಬಣ್ಣಗಳ ವಿಕ್ಟರಿ ರಿಬ್ಬನ್ನಿನಲ್ಲಿ ಕೆಂಪಿರುವ ನಡು ಗಾಢ, ನೇರಳೆಯಿರುವ ಅಂಚು ತಿಳಿ.

ಇದರಿಂದ ಇನ್ನೊಂದು ಲಾಭ. ನೆಗೆಟಿವ್ ಮಗುಚಿಬಿದ್ದು ಫೋಟೋ ಎಡಬಲ ಅದಲುಬದಲಾಗಿ ಅಚ್ಚಾಗುವುದುಂಟು. ಆಗ ಪದಕಗಳು ಬಲ ಎದೆಗೆ ಹೋಗುತ್ತವೆ, ಸ್ಟಾರ್ ರಿಬ್ಬನ್ನಿನ ಕಪ್ಪು ಬದಿ ನೋಡುವವನ ಬಲಕ್ಕೆ ಬರುತ್ತದೆ, ಕೋಟಿನ ಗುಂಡಿಗಳೂ ತಿರುವುಮುರುವಾಗುತ್ತವೆ. ಮೂರೂ ಒಟ್ಟಿಗೆ ತಿರುಗಿದ್ದರೆ ತಪ್ಪು ಫೋಟೋದ್ದು. ಪದಕ ಮಾತ್ರ ಬಲಕ್ಕಿದ್ದು ಉಳಿದೆರಡು ನೆಟ್ಟಗಿದ್ದರೆ, ತೊಟ್ಟವನು ಬಹುಶಃ ಆ ಸವಾರನಲ್ಲ, ಅವನ ಪದಕ ತೊಟ್ಟ ಮಗನೋ ಮೊಮ್ಮಗನೋ ಇರಬೇಕು.

೪. ಎದುರು ಪಾಳಯದ ಎದೆಗಳು

ಹೈಫಾದಲ್ಲಿ ಸೆರೆಸಿಕ್ಕ ತುರ್ಕಿ ಪಡೆಯವರ ನಡುವೆ ಜರ್ಮನ್ ಅಧಿಕಾರಿಗಳೂ ಇದ್ದರು. ಆ ರಣರಂಗದ ಜರ್ಮನ್ ಫೋಟೋಗಳಲ್ಲೂ ಇದೇ ಪ್ಲೇಟಿನ ಆಟವಿದೆ. 1914ರ ಐರನ್ ಕ್ರಾಸ್ ಎರಡನೆಯ ದರ್ಜೆಯ ರಿಬ್ಬನ್ ಕಪ್ಪು, ಅಂಚಿನ ಹತ್ತಿರ ಬಿಳಿ ಗೆರೆ. ಅದನ್ನು ಕೋಟಿನ ಎರಡನೆಯ ಗುಂಡಿಮನೆಗೆ ಸಿಕ್ಕಿಸುತ್ತಿದ್ದರು. 1915ರಲ್ಲಿ ತುರ್ಕಿ ಸುಲ್ತಾನ ಶುರುಮಾಡಿದ ಯುದ್ಧ ಪದಕದ ರಿಬ್ಬನ್ ಕೆಂಪು, ಅಂಚಿನ ಹತ್ತಿರ ಬಿಳಿ ಗೆರೆ. ಆರ್ಥೋ ಪ್ಲೇಟಿನ ಮೇಲೆ ಇವೆರಡೂ ಅವಳಿಜವಳಿ. ಆದರೂ ದಾರಿಯಿದೆ. ಒಂದೇ ಗುಂಡಿಮನೆಯಲ್ಲಿ ನೋಡಲು ಒಂದೇ ಥರದ ಎರಡು ರಿಬ್ಬನ್ ಇದ್ದರೆ, ಎರಡನೆಯದು ತುರ್ಕಿಯದೇ ಇರಬೇಕು, ಏಕೆಂದರೆ ಒಂದೇ ಪದಕದ ರಿಬ್ಬನ್ನನ್ನು ಯಾರೂ ಎರಡು ಸಲ ಸಿಕ್ಕಿಸುವುದಿಲ್ಲ. ಎದೆಯ ಮೇಲೆ ಆ ತುರ್ಕಿ ಪದಕವೇ, ಅಂದರೆ ಅರ್ಧಚಂದ್ರವಿರುವ ಐದು ಮೊನೆಯ ನಕ್ಷತ್ರ, ಕಂಡರೆ ಅನುಮಾನ ಪೂರ್ತಿ ಪರಿಹಾರ.

ನಮ್ಮ ಕಡೆ ಕೆಲವು ಮನೆಗಳಲ್ಲಿ, ತಾತ ಜರ್ಮನರಿಂದ ಕಿತ್ತುಕೊಂಡ ಕ್ರಾಸ್ ಇದು ಎನ್ನುವ ಮಾತಿದೆ. ನಾನು ನೋಡಿದ ಅಂಥ ಫೋಟೋಗಳಲ್ಲೆಲ್ಲ ಅದು 1914–15 ಸ್ಟಾರ್. ನಾಲ್ಕು ಮೊನೆಯ ನಕ್ಷತ್ರದ ಮೇಲೆ ಎರಡು ಕತ್ತಿ ಅಡ್ಡಡ್ಡ ಬಂದು, ಮಸುಕಾದ ಫೋಟೋದಲ್ಲಿ ಶಿಲುಬೆಯ ಭ್ರಮೆ ಹುಟ್ಟಿಸುತ್ತವೆ. ಐರನ್ ಕ್ರಾಸಿನ ತೋಳು ತುದಿಗೆ ಹೋದಂತೆ ಅಗಲವಾಗುತ್ತದೆ, ಒಳಗೆ ಕರಿ ಕಬ್ಬಿಣ, ಸುತ್ತ ಬೆಳ್ಳಿಯ ಹೊಳೆವ ಅಂಚು. ಸ್ಟಾರಿನ ಮೊನೆ ತುದಿಗೆ ಚೂಪು, ಮೈಯೆಲ್ಲ ಒಂದೇ ಕಂಚು, ನೆತ್ತಿಯಲ್ಲಿ ಕಿರೀಟ. ತಾತನ ಎದೆಯ ಮೇಲಿದ್ದುದು ಶತ್ರುವಿನ ಪದಕವಲ್ಲ, ಅವನದೇ ದುಡಿಮೆಯ ಪದಕ. ಮನೆಯವರಿಗೆ ಇದನ್ನು ಹೇಳುವಾಗ ನನಗೆ ಎಂದೂ ಸಂಕೋಚವಾಗಿಲ್ಲ.

೫. ಆಕ್ಷೇಪಗಳು

ಮೂರು ಬಗೆಯ ವಾದಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ.

ಮೊದಲನೆಯವರು, ಅನುಭವಸ್ಥರ ಕಣ್ಣಿಗೆ ಕಪ್ಪುಬಿಳುಪಿನಲ್ಲೂ ಬಣ್ಣ ಹೊಳೆಯುತ್ತದೆ ಎನ್ನುತ್ತಾರೆ. ಹಿರಿಯ ಸಂಗ್ರಾಹಕರಲ್ಲಿ ನನಗೆ ಗೌರವವಿದೆ. ಆದರೆ ಅವರ ಕಣ್ಣು ಪಳಗಿದ್ದು ಬಣ್ಣದ ರಿಬ್ಬನ್ನುಗಳನ್ನು ನೋಡಿ. ಕೆಂಪು ಕಾಣದ ಪ್ಲೇಟನ್ನು ಓದಲು ಆ ಪಳಗಿಕೆಯೇ ಅಡ್ಡಬರುತ್ತದೆ.

ಎರಡನೆಯವರು ಫೋಟೋವನ್ನು ಕಂಪ್ಯೂಟರಿಗೆ ಕೊಟ್ಟು ಬಣ್ಣ ತುಂಬಿಸುತ್ತಾರೆ. ಅದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಯಂತ್ರ ತುಂಬುವುದು ತನ್ನ ಊಹೆಯನ್ನು. ಪೆನ್ಸಿಲ್ ಗೆರೆಯನ್ನಾದರೂ ಅಳಿಸಬಹುದು; ಬಣ್ಣ ತುಂಬಿದ ಫೋಟೋ ಹತ್ತು ಮೊಬೈಲಿಗೆ ಹೋದಮೇಲೆ ಅದೇ ದಾಖಲೆಯಾಗಿ ಕೂರುತ್ತದೆ, ಮೂಲ ಅಟ್ಟದಲ್ಲೇ ಉಳಿಯುತ್ತದೆ.

ಮೂರನೆಯವರದು ಗಟ್ಟಿ ವಾದ. ಪದಕವೇ ಕೈಯಲ್ಲಿಲ್ಲದೆ ಫೋಟೋದಿಂದ ಏನೂ ಸಾಬೀತಾಗುವುದಿಲ್ಲ ಎನ್ನುತ್ತಾರೆ. ಪದಕ ಸಿಕ್ಕರೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ ಎಂದು ನಾನೂ ಒಪ್ಪುತ್ತೇನೆ. ವಾರ್ ಮತ್ತು ವಿಕ್ಟರಿ ಮೆಡಲುಗಳ ಅಂಚಿನಲ್ಲಿ, ಸ್ಟಾರಿನ ಬೆನ್ನಿನಲ್ಲಿ ಪಡೆದವನ ನಂಬರು, ಹೆಸರು, ಪಡೆ ಕೆತ್ತಿರುತ್ತದೆ. ಆದರೆ ಕಷ್ಟಕಾಲದಲ್ಲಿ ಬೆಳ್ಳಿಯ ಪದಕ ಮೊದಲು ಹೋಗುವುದು ಅಕ್ಕಸಾಲಿಯ ಮೂಸೆಗೆ. ಮನೆಯಲ್ಲಿ ಉಳಿಯುವುದು ಮಾರಿದರೆ ಕಾಸು ಹುಟ್ಟದ ಫೋಟೋ. ಅದರ ಸಾಕ್ಷ್ಯವನ್ನೂ ತಳ್ಳಿಹಾಕಿದರೆ ಬಡವರ ಮನೆಯ ಸವಾರರು ಚರಿತ್ರೆಯಿಂದಲೇ ಹೊರಗುಳಿಯುತ್ತಾರೆ. ಫೋಟೋ ಪೂರ್ತಿ ಸಾಕ್ಷಿಯಲ್ಲದಿರಬಹುದು. ಆದರೆ ಯಾವ ದಫ್ತರದಲ್ಲಿ, ಯಾವ ಪಟ್ಟಿಯಲ್ಲಿ ಅವನ ಹೆಸರನ್ನು ಹುಡುಕಬೇಕೆಂದು ತೋರಿಸಿಕೊಡುವುದು ಅದೇ.

ನನ್ನ ಕ್ರಮ ಸರಳ. ಮೊದಲು ಎಡಬಲ ನೆಟ್ಟಗಿದೆಯೇ ನೋಡಿ. ಆಮೇಲೆ ಪದಕಗಳ ಸಂಖ್ಯೆ, ಸಾಲು, ಆಕಾರ. ಬಳಿಕ ಅನುಮಾನವೇ ಇಲ್ಲದ ಒಂದು ರಿಬ್ಬನ್ನನ್ನು ಹಿಡಿದು, ಪ್ಲೇಟು ಯಾವ ಬಣ್ಣವನ್ನು ಹೇಗೆ ಕಂಡಿದೆ ಎಂದು ಅದನ್ನೇ ಕೇಳಿ. ಅನುಮಾನದ ಪಟ್ಟಿಗೆ ಕಟ್ಟಕಡೆಗೆ ಬನ್ನಿ.

ಈಗ ಮೇಷ್ಟ್ರ ಮಾತನ್ನು ಕೊಂಚ ಬದಲಿಸಿ ಕೇಳಿಕೊಳ್ಳುತ್ತೇನೆ. ಹಳೆಯದನ್ನು ಎಲ್ಲಿಗೂ ತರಬೇಡಿ, ಮನೆಯಲ್ಲೇ ಇರಲಿ. ಗೋಡೆಯ ಮೇಲಿನ ಫೋಟೋ ಇಳಿಸಿ, ಒರೆಸಿ, ಬೆಳಕಿನಲ್ಲಿ ನೋಡಿ. ಅದರಲ್ಲಿರುವವರು ಯಾರು, ಯಾರ ಮಗ, ಯಾವ ಊರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಪದಕದ ಹೆಸರು ಖಚಿತವಾಗುವವರೆಗೆ ಆ ಜಾಗ ಖಾಲಿ ಇರಲಿ. ನಾನು ಹೇಳಿದ ಆ ಫೋಟೋದ ಬೆನ್ನಿನ ಪೆನ್ಸಿಲ್ ಬರಹವನ್ನು ಮನೆಯವರು ಅಳಿಸಿಲ್ಲ. ಅದರ ಕೆಳಗೆ ತೆಳುವಾಗಿ ಒಂದು ಗೆರೆ ಎಳೆದು, ಹೊಸ ಓದನ್ನು ಕಾರಣಸಮೇತ ಬರೆದುಕೊಂಡಿದ್ದಾರೆ. ಮುಂದೆ ಯಾರಾದರೂ ದಫ್ತರದಲ್ಲಿ ಆ ಸವಾರನ ಹೆಸರು ಕಂಡರೆ ನನ್ನ ಓದನ್ನು ಸರಿ ಎನ್ನಲಿ, ಇಲ್ಲವೇ ತಿದ್ದಲಿ. ಅದಕ್ಕೆ ಗೆರೆಯ ಕೆಳಗೆ ಇನ್ನೂ ಜಾಗವಿದೆ.