ಜೋಜಿಲಾದ ದಾರಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಪದಾತಿ ದಳಕ್ಕೆ ಸಿಪಾಯಿಯಾಗಿ ಸೇರಿ, ಸುಬೇದಾರನಾಗಿ ನಿವೃತ್ತನಾದವನು. ರಜೆಗೆ ಬಂದಾಗಲೆಲ್ಲ ಹನುಮಂತದೇವರ ಕಟ್ಟೆಯ ಮೇಲೆ ಕುಳಿತವರು ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟ ಮಂದೀನ ಹೊಡದೆಪಾ?" ನಾನು ನಕ್ಕು ಸುಮ್ಮನಾಗುತ್ತಿದ್ದೆ. ಎಷ್ಟು ಮಂದಿಯನ್ನು ಹೊತ್ತು ತಂದೆ ಎಂದು ಯಾರೂ ಕೇಳಲಿಲ್ಲ. ಇವತ್ತು ಅದನ್ನು ಹೇಳುತ್ತೇನೆ.

1999ರ ಜೂನ್ ತಿಂಗಳು, ದ್ರಾಸ್. ಮೇಲಿನ ಶಿಖರಗಳ ಮೇಲೆ ವೈರಿ ಕುಳಿತಿದ್ದ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ಅವನ ಕಣ್ಣ ಕೆಳಗೇ ಇತ್ತು. ಹಗಲು ಗಾಡಿ ಕಂಡರೆ ಗುಂಡು ಬೀಳುತ್ತಿತ್ತು. ಒಂದು ರಾತ್ರಿ ನಮ್ಮವರು ಮೂವರು ಗಾಯಗೊಂಡು ಇಳಿಜಾರಿನಲ್ಲಿ ಸಿಕ್ಕಿಬಿದ್ದಿದ್ದಾರೆಂದು ಸುದ್ದಿ ಬಂತು. ನಾವು ಒಂಬತ್ತು ಜನ ಹೊರಟೆವು. ದೂರ ಬಹಳ ಇರಲಿಲ್ಲ. ಈ ಮೈದಾನದಿಂದ ಅಗೋ, ಆ ಸಿಮೆಂಟ್ ಕಾರ್ಖಾನೆಯ ಚಿಮಣಿಯವರೆಗೆ ಎಂದಿಟ್ಟುಕೊಳ್ಳಿ. ಆದರೆ ನೆಟ್ಟಗೆ ಮೇಲಕ್ಕೆ. ಹಿಡಿಯಲು ಒಂದು ಗಿಡವಿಲ್ಲ, ಕಾಲಿಟ್ಟಲ್ಲಿ ಕಲ್ಲು ಜಾರುತ್ತದೆ. ಜಾರಿದ ಕಲ್ಲಿನ ಸದ್ದಿಗೆ ಮೇಲಿನಿಂದ ಮಷಿನ್‌ಗನ್ ಉತ್ತರ ಕೊಡುತ್ತದೆ.

ಸ್ಟ್ರೆಚರ್ ಅಲ್ಲಿ ನಡೆಯುವುದಿಲ್ಲ. ಗಾಯಾಳುವನ್ನು ಬೆನ್ನಿಗೆ ಹಗ್ಗದಿಂದ ಕಟ್ಟಿಕೊಂಡು, ಕುಳಿತು ಕುಳಿತು ಇಳಿಯಬೇಕು. ಒಬ್ಬನನ್ನು ಇಳಿಸಲು ಸರದಿಯ ಮೇಲೆ ನಾಲ್ವರು ಬೇಕು. ಒಂಬತ್ತು ಜನಕ್ಕೆ ಇಬ್ಬರು ಗಾಯಾಳುಗಳಾದರೆ ಲೆಕ್ಕ ಮುಗಿಯಿತು. ನನಗೆ ಗಣಿತ ಕಲಿಸಿದ ಗುರುಗಳು ಇಲ್ಲೇ ಕುಳಿತಿದ್ದಾರೆ. ಅಷ್ಟು ಕೆಟ್ಟ ಲೆಕ್ಕವನ್ನು ನಾನು ಮತ್ತೆಂದೂ ಮಾಡಲಿಲ್ಲ. ಮೂರನೆಯವನಿಗೆ ತೊಡೆಯಲ್ಲಿ ಗುಂಡು ಹೊಕ್ಕಿತ್ತು, ಮಾತಾಡುತ್ತಿದ್ದ. ಗಾಯ ಬಿಗಿದು ಕಟ್ಟಿ, ಬಂಡೆಯ ಮರೆಗೆ ಕೂಡಿಸಿ, ನನ್ನ ಕೋಟು ಹೊದಿಸಿ, ನೀರಿನ ಬಾಟ್ಲಿ ಕೈಗೆ ಕೊಟ್ಟು, "ಮತ್ತೆ ಬರುತ್ತೇವೆ" ಎಂದೆ. "ಪಹಲೇ ಇನ್ಕೋ ಲೇ ಜಾಓ ಸಾಬ್" ಎಂದ.

ಇಬ್ಬರನ್ನು ಕೆಳಗೆ ತರುವಷ್ಟರಲ್ಲಿ ಪೂರ್ವ ಬೆಳ್ಳಗಾಗುತ್ತಿತ್ತು. ಬೆಳಕಿನಲ್ಲಿ ಮೇಲೆ ಹೋಗುವಂತಿರಲಿಲ್ಲ. ಇಬ್ಬರನ್ನೂ ದೀಪ ಹಚ್ಚದ ಗಾಡಿಯಲ್ಲಿ ಹಾಕಿ ಜೋಜಿಲಾ ಕಣಿವೆಯ ಮೂಲಕ ಶ್ರೀನಗರದ ಕಡೆಗೆ ಕಳಿಸಿದೆವು. ಇಬ್ಬರೂ ಬದುಕಿದರು. ಒಬ್ಬ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾನೆ.

ಆ ದಿನವಿಡೀ ಬಂಕರಿನಲ್ಲಿ ಕತ್ತಲೆಗಾಗಿ ಕಾದೆವು. ನಮ್ಮ ಜೊತೆಗಿದ್ದ ಒಬ್ಬ ಹಿರಿಯ ಅಧಿಕಾರಿ ಹೊತ್ತು ಕಳೆಯಲೆಂದು ಈ ದಾರಿಯ ಕಥೆ ಹೇಳಿದರು. ಆಮೇಲೆ ನಾನೂ ಓದಿ ತಿಳಿದುಕೊಂಡೆ. ನಮ್ಮ ನಾಡಿನವರೊಬ್ಬರ ಕಥೆಯಾದ್ದರಿಂದ ಮಕ್ಕಳಿಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯರಿಗೆ 1948 ಎಂದರೆ ರಜಾಕಾರರ ಹಾವಳಿ, ಸೆಪ್ಟೆಂಬರ್ 17. ನಮ್ಮಜ್ಜಿ ರಾತ್ರಿ ತೊಗರಿ ಹೊಲದಲ್ಲಿ ಮಕ್ಕಳ ಬಾಯಿ ಮುಚ್ಚಿಕೊಂಡು ಕುಳಿತದ್ದನ್ನೂ, "ದಂಡು ಬಂತು" ಎಂಬ ಸುದ್ದಿಗೆ ಕಾದದ್ದನ್ನೂ ಸಾಯುವವರೆಗೆ ಹೇಳಿದಳು. ಅದೇ ವರ್ಷ ದೇಶದ ಇನ್ನೊಂದು ತುದಿಯಲ್ಲಿ ಲಡಾಖದ ಜನರೂ ಹಾಗೆಯೇ ದಂಡಿಗಾಗಿ ಕಾಯುತ್ತಿದ್ದರು.

ಫೆಬ್ರವರಿಯಲ್ಲಿ ದಾಳಿಕೋರರು ಸ್ಕರ್ದು ಕೋಟೆಯನ್ನು ಮುತ್ತಿದರು. ಒಳಗೆ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ, ಸ್ವಲ್ಪ ಸೈನಿಕರು, ಆಶ್ರಯ ಬೇಡಿ ಬಂದ ಹೆಂಗಸರು ಮಕ್ಕಳು. ಅದೇ ಚಳಿಗಾಲದಲ್ಲಿ ಕ್ಯಾಪ್ಟನ್ ಪೃಥಿ ಚಂದ್ ಎಂಬ ಲಾಹೌಲಿನ ಅಧಿಕಾರಿ ನಾಲ್ಕು ಹತ್ತರಷ್ಟು ಜನರೊಡನೆ ಹಿಮ ತುಂಬಿದ ಜೋಜಿಲಾವನ್ನು ನಡೆದೇ ದಾಟಿ ಲೇಹ್ ಸೇರಿದರು. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಕಟ್ಟಿಕೊಂಡು ಅಲ್ಲಿ ವಿಮಾನ ಇಳಿಯುವಷ್ಟು ನೆಲ ಸಮ ಮಾಡಿದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಮೊದಲ ಸಲ ಅಲ್ಲಿ ಇಳಿಸಿದರು. ನೆಲವೇ ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ. ಅಷ್ಟು ಎತ್ತರದ ಪರ್ವತಗಳ ಮೇಲೆ ಹಾರಲು ಮಾಡಿದ ವಿಮಾನವೇ ಅದಲ್ಲ. ಪಕ್ಕದಲ್ಲಿ ಕುಳಿತು ಬಂದವರು ಆ ವಿಭಾಗದ ದಂಡನಾಯಕರು, ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅವರು ಸೇರಿದ ಪಡೆಯ ಹೆಸರು ಹೈದರಾಬಾದ್ ರೆಜಿಮೆಂಟ್. ಈಗ ಅದು ಕುಮಾಂವ್ ರೆಜಿಮೆಂಟ್. ನಮ್ಮ ಹಳೆಯ ಸಂಸ್ಥಾನದ ಹೆಸರು ಎಲ್ಲೆಲ್ಲಿ ಅಡಗಿದೆ ನೋಡಿ!

ವಿಮಾನದಲ್ಲಿ ಒಂದಿಷ್ಟು ಗೂರ್ಖಾ ಸೈನಿಕರು ಬಂದು ಲೇಹ್ ಉಸಿರು ಹಿಡಿದುಕೊಂಡಿತು. ಆದರೆ ಕಾರ್ಗಿಲ್, ದ್ರಾಸ್ ಬಿದ್ದವು, ಜೋಜಿಲಾ ವೈರಿಯ ಕೈಸೇರಿತು. ಸ್ಕರ್ದುವಿಗೆ ಕಳಿಸಿದ ಪಡೆಗಳು ದಾರಿಯಲ್ಲೇ ಹೊಡೆತ ತಿಂದು ಮುಂದೆ ಹೋಗಲಾರದಾದವು. ಆರು ತಿಂಗಳು ಹಿಡಿದು ನಿಂತ ಥಾಪಾ, ಅನ್ನ ಮದ್ದು ಎರಡೂ ತೀರಿ, ಆಗಸ್ಟ್ 14ರಂದು ಶರಣಾದರು. ಅವರ ಸೈನಿಕರಲ್ಲಿ ಬಹಳ ಮಂದಿಯನ್ನು ಕೊಂದರು.

ಸೆಪ್ಟೆಂಬರಿನಲ್ಲಿ ಜೋಜಿಲಾದ ಮೇಲೆ ನಮ್ಮ ಕಾಲಾಳುಗಳು ಮಾಡಿದ ದಾಳಿಗಳು ವಿಫಲವಾದವು. ಎರಡೂ ಕಡೆ ಬಂಡೆಗಳ ಸಂದಿಯಲ್ಲಿ ಮಷಿನ್‌ಗನ್. ಮನುಷ್ಯನ ಎದೆ ಅದಕ್ಕೆ ಎದುರು ನಿಲ್ಲುವುದಿಲ್ಲ. ಆಗ ಟ್ಯಾಂಕು ಹತ್ತಿಸುವ ಯೋಚನೆ ಬಂತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಗೋಪುರ ಬಿಚ್ಚಿ, ಬೇಹುಗಾರರಿಗೆ ಗುರುತು ಸಿಗದಂತೆ, ಜಮ್ಮುವಿನ ಕಡೆಯಿಂದ ಶ್ರೀನಗರ ದಾಟಿಸಿ ಬಾಲ್‌ಟಾಲ್‌ಗೆ ತಂದರು. ಅಲ್ಲಿಂದ ಮೇಲಕ್ಕೆ ಇದ್ದದ್ದು ಕುದುರೆ ನಡೆಯುವ ಕಾಲುದಾರಿ. ಅದನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನಲ್ಲಿ ಕೇಂದ್ರವಿರುವ ಪಡೆ. ಮೇಜರ್ ತಂಗರಾಜು ಅವರ ಮುಂದಾಳು. ವೈರಿಯ ಗುಂಡಿನ ಅಳತೆಯೊಳಗೆ, ಚಳಿಯಲ್ಲಿ, ಬಂಡೆ ಸಿಡಿಸಿ ಕೆಲಸ ಮಾಡಿದರು. ನನ್ನ ತಂದೆ ಶಹಾಬಾದ್ ಫರಸಿ ಖಣಿಯಲ್ಲಿ ಕಲ್ಲೊಡೆದವರು. ನಮ್ಮ ಕಲ್ಲು ಪದರು ಪದರಾಗಿ ಸೌಮ್ಯವಾಗಿ ಏಳುತ್ತದೆ, ಆದರೂ ಸಂಜೆಗೆ ಅವರ ಅಂಗೈ ನೋಡಲಾಗುತ್ತಿರಲಿಲ್ಲ. ಪುಸ್ತಕಗಳು ಟ್ಯಾಂಕಿಗೆ ಎರಡು ಪುಟ ಕೊಡುತ್ತವೆ, ದಾರಿ ಕಡಿದವರಿಗೆ ಎರಡು ಸಾಲು. ನನಗೆ ಇದು ಸರಿ ಕಾಣುವುದಿಲ್ಲ.

ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಕಣಿವೆ ಹತ್ತಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೂ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರುವುದೆಂದು ವೈರಿ ಕನಸಿನಲ್ಲೂ ಎಣಿಸಿರಲಿಲ್ಲ, ಓಡಿದ. ದ್ರಾಸ್ ನವೆಂಬರ್ 15ಕ್ಕೆ, ಕಾರ್ಗಿಲ್ 23ಕ್ಕೆ ಕೈಗೆ ಬಂತು. ಲೇಹ್‌ಗೆ ದಾರಿ ತೆರೆಯಿತು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. ಮುಖ್ಯೋಪಾಧ್ಯಾಯರೆ, ಮುಂದಿನ ಶೈಕ್ಷಣಿಕ ಪ್ರವಾಸ ಅಲ್ಲಿಗಿರಲಿ. ಬಸ್ಸಿನ ಡೀಸೆಲ್ ಖರ್ಚು ನನ್ನದು.

ಕಥೆ ಹೇಳಿದ ಅಧಿಕಾರಿ ಟ್ಯಾಂಕಿನ ಮಾತಿಗೆ ಬಂದಾಗ ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಸ್ಕರ್ದುವೇ ನಿಂತಿತ್ತು. ಆರು ತಿಂಗಳು ಕೋಟೆಯ ಗೋಡೆಯ ಮೇಲಿಂದ ದಾರಿ ನೋಡಿದವರು.

ಕತ್ತಲಾದ ಕೂಡಲೇ ಮತ್ತೆ ಹತ್ತಿದೆವು. ಆ ರಾತ್ರಿ ಗುಂಡಿನ ದಾಳಿ ಜೋರಾಗಿತ್ತು. ಬಂಡೆ ಸಿಕ್ಕಾಗ ನಡುರಾತ್ರಿ ಮೀರಿತ್ತು. ಹುಡುಗ ಉಳಿದಿರಲಿಲ್ಲ. ನಾನು ಕೂಡಿಸಿದ ಹಾಗೆಯೇ ಕುಳಿತಿದ್ದ. ನೀರಿನ ಬಾಟ್ಲಿ ಮಗ್ಗುಲಲ್ಲಿತ್ತು. ಎತ್ತಿ ನೋಡಿದೆ, ಪೂರ್ತಿ ಖಾಲಿ. ಮುಚ್ಚಳ ಬಿಗಿಯಾಗಿ ತಿರುವಿ ಹಾಕಿತ್ತು.

ಅವನನ್ನು ನಾನೇ ಬೆನ್ನಿಗೆ ಕಟ್ಟಿಕೊಂಡೆ. ಕೆಳಗೆ ಬರುವವರೆಗೆ ಸರದಿಗೆ ಯಾರಿಗೂ ಕೊಡಲಿಲ್ಲ.